ಭಯದ ಮನೆ ಎಲ್ಲಿದೆ? ಮನೋವೈಜ್ಞಾನಿಕ ಭೀತಿ ಚಿತ್ರಗಳು: ಒಂದು ದೈವಶಾಸ್ತ್ರೀಯ ವಿವೇಚನೆ

ಪೀಠಿಕೆ

ಭೀತಿ ಚಿತ್ರಗಳ ಗುಣದೋಷಗಳನ್ನು ದೈವಶಾಸ್ತ್ರದ ಪತ್ರಿಕೆಯೊಂದು ಏಕೆ ಚರ್ಚಿಸಬೇಕು ಎಂಬ ಪ್ರಶ್ನೆ ಸಹಜವಾದುದು. ಅದಕ್ಕೆ ಉತ್ತರ ನಮ್ಮ ಪಾಲನಾಸೇವೆಯಲ್ಲಿಯೇ ಇದೆ. ವಿಜಯಪುರ ನಗರದಲ್ಲಾಗಲಿ, ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳ ಹಳ್ಳಿಗಳಲ್ಲಾಗಲಿ ಸೇವೆ ಸಲ್ಲಿಸುವ ಗುರುವಿನ ಬಳಿಗೆ ‘ಮಗಳಿಗೆ ಗಾಳಿ ಸೋಂಕಿದೆ’, ‘ಸೊಸೆಗೆ ದೆವ್ವ ಬಡಿದಿದೆ’ ಎಂದು ಜನರು ಬರುವುದುಂಟು. ಬರುವವರೆಲ್ಲ ಕ್ರೈಸ್ತರೇ ಆಗಿರುವುದಿಲ್ಲ. ಹೀಗೆ ಬರುವವರ ಮನಸ್ಸಿನಲ್ಲಿ ಒಂದು ಚಿತ್ರ ಮೊದಲೇ ಸಿದ್ಧವಾಗಿರುತ್ತದೆ: ಬಿಚ್ಚಿದ ಕೂದಲು, ಬದಲಾದ ದನಿ, ಕೆಂಪಾದ ಕಣ್ಣು, ಎದುರಿಗೆ ಶಿಲುಬೆಯನ್ನು ಎತ್ತಿ ಹಿಡಿದ ಗುರು. ಈ ಚಿತ್ರವು ಶುಭಸಂದೇಶದಿಂದ ಬಂದುದಕ್ಕಿಂತ ಹೆಚ್ಚಾಗಿ ಬೆಳ್ಳಿತೆರೆಯಿಂದ ಬಂದುದು. ಈಗಂತೂ ಅಂಗೈಯ ಮೊಬೈಲಿನಿಂದ ಬಂದುದು. ಆದುದರಿಂದ ಯಾವ ಭೀತಿ ಚಿತ್ರ ಮನುಷ್ಯನ ಬಗ್ಗೆ ಸತ್ಯ ನುಡಿಯುತ್ತದೆ, ಯಾವುದು ಹುಸಿಯಾಗುತ್ತದೆ ಎಂಬುದನ್ನು ಅರಿಯುವುದು ಗುರುಗಳಿಗೂ ಗುರುವಿದ್ಯಾರ್ಥಿಗಳಿಗೂ ಕೇವಲ ಅಭಿರುಚಿಯ ಪ್ರಶ್ನೆಯಲ್ಲ.

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಪ್ರಕಟಿಸಿದ ಸಮೂಹ ಮಾಧ್ಯಮಗಳ ಕುರಿತಾದ ಆದೇಶಪತ್ರವು, ಕೇಡಿನ ಚಿತ್ರಣವು ಸಂಯಮದಿಂದ ಕೂಡಿದ್ದರೆ ಮನುಷ್ಯನನ್ನು ಆಳವಾಗಿ ಅರಿಯಲು ನೆರವಾಗಬಲ್ಲದು ಎಂದು ಒಪ್ಪಿಕೊಂಡಿದೆ. ಜಗದ್ಗುರು ಎರಡನೆಯ ಜಾನ್ ಪೌಲರು 1999ರಲ್ಲಿ ಕಲಾವಿದರಿಗೆ ಬರೆದ ಪತ್ರದಲ್ಲಿ, ಆತ್ಮದ ಕತ್ತಲೆಯ ಆಳಗಳನ್ನು ಶೋಧಿಸುವ ಕಲೆಯೂ ಮನುಷ್ಯಕುಲದ ರಕ್ಷಣೆಯ ಹಂಬಲಕ್ಕೆ ದನಿಯಾಗುತ್ತದೆ ಎಂಬ ಮಾತಿಗೆ ಸ್ಥಾನ ಕೊಟ್ಟಿದ್ದಾರೆ. ಹೀಗಿರುವಾಗ ಈ ಪ್ರಕಾರವನ್ನು ಸಾರಾಸಗಟಾಗಿ ತಳ್ಳಿಹಾಕುವುದೂ ಸಲ್ಲದು, ಎಲ್ಲವನ್ನೂ ಮನರಂಜನೆಯೆಂದು ಬಿಟ್ಟುಬಿಡುವುದೂ ಸಲ್ಲದು. ವಿವೇಚನೆ ಬೇಕು.

1. ಹೆದರಿಕೆ ಮತ್ತು ತಳಮಳ

ಮೊದಲು ಎರಡು ಭಾವಗಳನ್ನು ಬೇರ್ಪಡಿಸೋಣ. ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರನಿಗೆ ಆಲಿಕಲ್ಲು ಮಳೆಯ ಹೆದರಿಕೆಯಿದೆ. ಆ ಹೆದರಿಕೆಗೆ ಒಂದು ವಸ್ತುವಿದೆ, ಹೆಸರಿದೆ, ಕಾಲವಿದೆ. ಆದರೆ ಅದೇ ರೈತನು ಬೆಳೆ ಕೈಸೇರಿದ ಮೇಲೆಯೂ ನಡುರಾತ್ರಿ ಎದ್ದು ಕುಳಿತು, ಯಾವುದಕ್ಕೆಂದು ತಿಳಿಯದೆ ನಡುಗಿದರೆ ಅದು ಬೇರೆ. ಡೆನ್ಮಾರ್ಕಿನ ಕ್ರೈಸ್ತ ಚಿಂತಕ ಕೀರ್ಕೆಗಾರ್ಡ್ 1844ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಭೇದವನ್ನು ಸ್ಪಷ್ಟಪಡಿಸಿದರು: ಹೆದರಿಕೆಗೆ ನಿರ್ದಿಷ್ಟ ವಸ್ತುವುಂಟು, ತಳಮಳಕ್ಕೆ ಇಲ್ಲ, ತಳಮಳವು ಮನುಷ್ಯನು ತನ್ನ ಸ್ವಾತಂತ್ರ್ಯದ ಆಳವನ್ನು ಇಣುಕಿದಾಗ ಬರುವ ತಲೆಸುತ್ತು. ಸಾಮಾನ್ಯ ಭೀತಿ ಚಿತ್ರವು ಹೆದರಿಕೆಯನ್ನು ಬಿತ್ತುತ್ತದೆ. ಅಲ್ಲಿ ಅಪಾಯ ಹೊರಗಿನಿಂದ ಬರುತ್ತದೆ. ಮನೋವೈಜ್ಞಾನಿಕ ಭೀತಿ ಚಿತ್ರದ ನೆಲೆ ತಳಮಳ. ಅಲ್ಲಿ ಕಾಣುವ ಕಣ್ಣೇ, ನೆನೆಯುವ ಮನಸ್ಸೇ ಸಂಶಯಕ್ಕೆ ಒಳಗಾಗುತ್ತದೆ.

ವಿಜಯಪುರದವರಿಗೆ ಇದನ್ನು ತಿಳಿಸಲು ಹತ್ತಿರದ ದೃಷ್ಟಾಂತವೊಂದಿದೆ. 1656ರಲ್ಲಿ ನಿಧನನಾದ ಮೊಹಮ್ಮದ್ ಆದಿಲ್ ಶಾಹನ ಸಮಾಧಿಯಾದ ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ನಿಂತು ಒಂದು ಶಬ್ದ ಮಾಡಿದರೆ ಅದು ಮತ್ತೆ ಮತ್ತೆ ಮರುದನಿಸುತ್ತದೆ; ಒಂದು ಬದಿಯ ಪಿಸುಮಾತು ಎದುರು ಬದಿಯಲ್ಲಿ ಕಿವಿಯ ಪಕ್ಕದಲ್ಲೇ ನುಡಿದಂತೆ ಕೇಳುತ್ತದೆ. ಹಗಲಿನಲ್ಲಿ, ಜನಜಂಗುಳಿಯ ನಡುವೆ ಅದು ವಿನೋದ. ಅಲ್ಲಿ ಒಬ್ಬರೇ ಇದ್ದಾಗ ತಮ್ಮ ದನಿಯೇ ಪರರ ದನಿಯಾಗಿ ಹಿಂದಿನಿಂದ ಬಂದರೆ ಮೈ ಜುಮ್ಮೆನ್ನುತ್ತದೆ. ಅಲ್ಲಿ ಪರಕೀಯರಾರೂ ಇಲ್ಲ. ನಮ್ಮದೇ ಅಪರಿಚಿತವಾಗಿ ಮರಳಿದೆ. ಫ್ರಾಯ್ಡ್ 1919ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ವಿಶ್ಲೇಷಿಸಿದ್ದು ಇದನ್ನೇ: ಬಹುಕಾಲದ ಪರಿಚಿತವಾದುದು ಅಡಗಿದ್ದು, ಅಪರಿಚಿತವಾಗಿ ಹೊರಬಂದಾಗ ಹುಟ್ಟುವ ಭೀತಿ.

ಪವಿತ್ರ ಗ್ರಂಥ ಇದನ್ನು ಇನ್ನೂ ಆಳದಲ್ಲಿ ಕಂಡಿದೆ. ಬೈಬಲಿನಲ್ಲಿ ಮನುಷ್ಯನ ಭಯವು ಮೊದಲ ಬಾರಿಗೆ ಕಾಣಿಸಿಕೊಳ್ಳುವುದು ಆದಿಕಾಂಡದ 3ನೆಯ ಅಧ್ಯಾಯದಲ್ಲಿ. ಆದಾಮನು ಹೆದರುವುದು ಮೃಗಕ್ಕಲ್ಲ, ಸರ್ಪಕ್ಕೂ ಅಲ್ಲ. ತೋಟದಲ್ಲಿ ಸಂಚರಿಸುವ ದೇವರ ಸಪ್ಪಳಕ್ಕೆ. ದೇವರು ಬದಲಾಗಿಲ್ಲ, ತೋಟವೂ ಅದೇ. ಬದಲಾದದ್ದು ಕೇಳುವವನ ಅಂತರಂಗ. ಆತ್ಮೀಯನ ಹೆಜ್ಜೆಯ ಸದ್ದೇ ಭೀಕರವಾಗಿ ಕೇಳಿಸುವ ಸ್ಥಿತಿಯೇ ಪಾಪದ ಮೊದಲ ಫಲ. ಉತ್ತಮ ಮನೋವೈಜ್ಞಾನಿಕ ಭೀತಿ ಚಿತ್ರಗಳೆಲ್ಲವೂ, ತಿಳಿದೋ ತಿಳಿಯದೆಯೋ, ಈ ತೋಟದೊಳಗೇ ನಡೆಯುತ್ತವೆ.

2. ಅಕ್ವಿನಾಸರ ಮೂರು ಮಾತುಗಳು

ಚಿತ್ರವೊಂದು ಏಕೆ ಪರಿಣಾಮ ಬೀರುತ್ತದೆ ಎಂಬುದನ್ನು ಅಳೆಯಲು ಸಂತ ಥಾಮಸ್ ಅಕ್ವಿನಾಸರಿಗಿಂತ ಉತ್ತಮ ಮಾರ್ಗದರ್ಶಕರು ಸಿಗುವುದು ಕಷ್ಟ. ‘ಸುಮ್ಮಾ’ ಗ್ರಂಥದ ಎರಡನೆಯ ಭಾಗದ ಮೊದಲ ಖಂಡದಲ್ಲಿ, 41ರಿಂದ 44ರವರೆಗಿನ ಪ್ರಶ್ನೆಗಳಲ್ಲಿ, ಅವರು ಭಯವನ್ನು ವಿಚಾರಿಸಿದ್ದಾರೆ. ಅಲ್ಲಿನ ಮೂರು ನಿಲುವುಗಳು ನಮಗೆ ಇಲ್ಲಿ ಉಪಯುಕ್ತ.

ಮೊದಲನೆಯದು, ಭಯದ ಕಾರಣ ಪ್ರೀತಿ. ನಾವು ಪ್ರೀತಿಸುವುದನ್ನು ಕಳೆದುಕೊಳ್ಳುವೆವೆಂದೇ ಹೆದರುತ್ತೇವೆ. ಪ್ರೀತಿಯಿಲ್ಲದವನಿಗೆ ಭಯವೂ ಇಲ್ಲ. ಇದರಿಂದ ಒಂದು ಸರಳ ನಿಯಮ ಹೊರಡುತ್ತದೆ: ಪಾತ್ರವನ್ನು ಪ್ರೀತಿಸುವಂತೆ ಮಾಡದ ಚಿತ್ರವು ಪ್ರೇಕ್ಷಕನನ್ನು ಹೆದರಿಸಲಾರದು, ಬೆಚ್ಚಿಬೀಳಿಸಬಲ್ಲದು ಅಷ್ಟೆ. 1973ರ ‘ದಿ ಎಕ್ಸಾರ್ಸಿಸ್ಟ್’ ಚಿತ್ರವನ್ನು ಅನುಕರಿಸಿದವರು ಬಾಲಕಿಯ ತಿರುಗುವ ತಲೆಯನ್ನೂ ವಿಕಾರದ ದನಿಯನ್ನೂ ಮಾತ್ರ ಎರವಲು ಪಡೆದರು. ಆ ಚಿತ್ರದ ಬಲವಿದ್ದದ್ದು ಮಗಳಿಗಾಗಿ ವೈದ್ಯರಿಂದ ವೈದ್ಯರಿಗೆ ಅಲೆಯುವ ತಾಯಿಯಲ್ಲಿ. ತನ್ನ ತಾಯಿಯ ಒಂಟಿ ಸಾವಿನ ಅಪರಾಧಭಾವವನ್ನು ಹೊತ್ತ, ವಿಶ್ವಾಸ ಕುಂದಿದ ಯುವಗುರುವಿನಲ್ಲಿ. ಆ ಗುರು ಮನೋವೈದ್ಯನೂ ಹೌದು ಎಂಬುದನ್ನು ಮರೆಯಬಾರದು.

ಎರಡನೆಯದು, ಅನಿರೀಕ್ಷಿತವಾದುದು ಭಯವನ್ನು ಹೆಚ್ಚಿಸುತ್ತದೆ. ಅಕ್ವಿನಾಸರು ಕೊಡುವ ಕಾರಣ ಗಮನಾರ್ಹ: ವಿಚಾರ ಮಾಡುತ್ತಾ ಹೋದಂತೆ ಎದುರಿಗಿರುವ ಕೇಡು ಸಣ್ಣದಾಗಿ ತೋರುತ್ತದೆ, ಹಠಾತ್ತಾಗಿ ಬಂದಾಗ ಆ ಅವಕಾಶ ಇರುವುದಿಲ್ಲ. ಹಾಗಾದರೆ ಹಠಾತ್ ಸದ್ದಿನಿಂದಲೇ ಬದುಕುವ ಚಿತ್ರಕ್ಕೆ ವಿಚಾರವೇ ಶತ್ರು. ಚಿತ್ರಮಂದಿರದಿಂದ ಹೊರಬಂದು ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಅದು ಕರಗಿಹೋಗುತ್ತದೆ.

ಮೂರನೆಯದು, ಪರಿಹಾರವಿಲ್ಲದ ಕೇಡು ಹೆಚ್ಚು ಭಯಂಕರ. ಇದು ವಿಚಾರದಿಂದ ಕುಗ್ಗುವುದಿಲ್ಲ, ಬೆಳೆಯುತ್ತದೆ. ಪವನ್ ಕುಮಾರ್ ನಿರ್ದೇಶನದ ‘ಯು ಟರ್ನ್’ (2016) ಚಿತ್ರದಲ್ಲಿ ಬೆಂಗಳೂರಿನ ಮೇಲ್ಸೇತುವೆಯೊಂದರ ಮೇಲೆ ದ್ವಿಚಕ್ರ ವಾಹನ ಸವಾರರು ದಾರಿ ಉಳಿಸಲು ರಸ್ತೆ ವಿಭಜಕದ ಕಲ್ಲನ್ನು ಸರಿಸುತ್ತಾರೆ, ಹಾಗೆಯೇ ಬಿಟ್ಟುಹೋಗುತ್ತಾರೆ. ಆ ಕಲ್ಲು ಜೀವಗಳನ್ನು ಬಲಿ ತೆಗೆದುಕೊಳ್ಳುತ್ತದೆ. ಚಿತ್ರದಲ್ಲಿ ಪ್ರೇತವಿದೆ ನಿಜ, ಆದರೆ ನೋಡುಗನು ಮನೆಗೆ ಒಯ್ಯುವುದು ಪ್ರೇತವನ್ನಲ್ಲ, ‘ನಾನೂ ಎಂದೋ ಇಂಥದೊಂದು ಕಲ್ಲನ್ನು ಸರಿಸಿದ್ದೇನೆಯೇ?’ ಎಂಬ ಪ್ರಶ್ನೆಯನ್ನು. ಕೊನೆಯಲ್ಲಿ ಅಪರಾಧವು ಮೃತಳ ಮನೆಯೊಳಗೇ ಪತ್ತೆಯಾಗುತ್ತದೆ. ಅಪರಾಧಿಗೆ ಸಾವಲ್ಲ, ಅಪರಾಧಭಾವದೊಡನೆ ಬದುಕುವುದೇ ಶಿಕ್ಷೆಯಾಗುತ್ತದೆ. ಇದು ಪಾಪನಿವೇದನೆಯ ಪೀಠದ ಬಾಗಿಲವರೆಗೆ ನಮ್ಮನ್ನು ತಂದು ನಿಲ್ಲಿಸುವ ಚಿತ್ರ. ಬಾಗಿಲನ್ನು ತೆರೆಯುವುದು ಅದರ ಕೆಲಸವಲ್ಲ. ಅದು ನಮ್ಮ ಕೆಲಸ.

3. ‘ಆಪ್ತಮಿತ್ರ’ದ ಬಲ ಮತ್ತು ಮಿತಿ

ಕನ್ನಡಿಗರ ಕಲ್ಪನೆಯಲ್ಲಿ ಈ ಪ್ರಕಾರಕ್ಕೆ ಒಂದು ಹೆಸರಿದ್ದರೆ ಅದು ‘ನಾಗವಲ್ಲಿ’. ಪಿ. ವಾಸು ನಿರ್ದೇಶನದ ‘ಆಪ್ತಮಿತ್ರ’ 2004ರಲ್ಲಿ ತೆರೆಗೆ ಬಂದಿತು. ಅದರ ಮೂಲ 1993ರ ಮಲಯಾಳ ಚಿತ್ರ ‘ಮಣಿಚಿತ್ರತ್ತಾಳ್’. ಅದೇ ಕಥೆ ತಮಿಳಿನಲ್ಲಿ ‘ಚಂದ್ರಮುಖಿ’ಯಾಗಿ (2005), ಹಿಂದಿಯಲ್ಲಿ ‘ಭೂಲ್ ಭುಲಯ್ಯಾ’ ಆಗಿ (2007) ಮರುಹುಟ್ಟು ಪಡೆಯಿತು. ಕನ್ನಡದಲ್ಲಿ ಗಂಗಾ ಪಾತ್ರವನ್ನು ನಿರ್ವಹಿಸಿದ ಸೌಂದರ್ಯ ಅವರು ಚಿತ್ರ ಬಿಡುಗಡೆಯಾಗುವ ಮೊದಲೇ ಅಪಘಾತದಲ್ಲಿ ನಿಧನರಾದರು. 1979ರ ‘ನಾ ನಿನ್ನ ಬಿಡಲಾರೆ’ ಚಿತ್ರದಲ್ಲಿ ಪ್ರೇತವು ಹೊರಗಿನಿಂದ ಬಂದು ಮನುಷ್ಯನನ್ನು ಹೊಕ್ಕರೆ, ‘ಆಪ್ತಮಿತ್ರ’ದಲ್ಲಿ ಪ್ರೇತವೆಂದು ಕಂಡದ್ದು ಪ್ರೀತಿಯ ಪತ್ನಿಯ ಗಾಯಗೊಂಡ ಮನಸ್ಸಾಗಿರುತ್ತದೆ. ಈ ಸ್ಥಳಾಂತರವೇ ಮುಖ್ಯ.

ಚಿತ್ರದ ಪರಿಣಾಮಕ್ಕೆ ಮೂರು ಕಾರಣಗಳನ್ನು ಗುರುತಿಸಬಹುದು. ಬೀಗ ಹಾಕಿದ ಕೋಣೆಯು ಕುತೂಹಲವನ್ನೂ ನಿಷೇಧವನ್ನೂ ಒಟ್ಟಿಗೆ ಹಿಡಿದಿಡುತ್ತದೆ. ದೊರೆಯ ಕ್ರೌರ್ಯಕ್ಕೆ ಬಲಿಯಾದ ನರ್ತಕಿಯ ಕಥೆಯಿಂದಾಗಿ ಭೀತಿಯ ಮೂಲದಲ್ಲಿ ಅನ್ಯಾಯವಿದೆ, ಹೆದರುತ್ತಲೇ ಮರುಗುತ್ತೇವೆ. ಎಲ್ಲಕ್ಕಿಂತ ಹೆಚ್ಚಾಗಿ, ಚಿತ್ರವು ಬಹುಹೊತ್ತಿನವರೆಗೆ ಮನೆಯ ಇನ್ನೊಬ್ಬ ಹೆಣ್ಣುಮಗಳ ಮೇಲೆ ನಮ್ಮ ಸಂಶಯವನ್ನು ಹರಿಸುತ್ತದೆ. ಸತ್ಯ ಹೊರಬಿದ್ದಾಗ, ನಿರಪರಾಧಿಯನ್ನು ಎಷ್ಟು ಸುಲಭವಾಗಿ ದೂಷಿಸಿದೆವೆಂಬ ನಾಚಿಕೆ ನೋಡುಗನದಾಗುತ್ತದೆ. ಜೊತೆಗೆ, ಮನೋವೈದ್ಯನೂ ಧಾರ್ಮಿಕ ಆಚಾರ್ಯನೂ ಅಲ್ಲಿ ಪ್ರತಿಸ್ಪರ್ಧಿಗಳಲ್ಲ; ರೋಗಿಯ ಒಳಿತಿಗಾಗಿ ಕೈಜೋಡಿಸುತ್ತಾರೆ. ವಿಶ್ವಾಸ ಮತ್ತು ವಿಚಾರಗಳ ಸಂಬಂಧವನ್ನು ಕಲಿಸುವವರು ಈ ದೃಶ್ಯವನ್ನು ತರಗತಿಯಲ್ಲಿ ಧಾರಾಳವಾಗಿ ಬಳಸಬಹುದು.

ಮಿತಿಯೂ ಇದೆ. ಗಂಗಾ ಗುಣವಾಗುವುದು ಅವಳೊಳಗಿನ ಸೇಡನ್ನು ನಾಟಕೀಯವಾಗಿ ಪೂರೈಸುವುದರಿಂದ; ಬೊಂಬೆಯೊಂದು ಉರಿದೊಡನೆ ವ್ಯಾಧಿ ಕ್ಷಣಮಾತ್ರದಲ್ಲಿ ಮುಗಿಯುತ್ತದೆ. ಯಾವ ಮನೋವೈದ್ಯನೂ ಇಂಥ ಚಿಕಿತ್ಸೆ ನೀಡಲಾರ. ದೈವಶಾಸ್ತ್ರದ ದೃಷ್ಟಿಯಿಂದ ನೋಡಿದರೆ, ಇಲ್ಲಿ ಗಾಯವನ್ನು ಯಾರೂ ಕೇಳಿಸಿಕೊಳ್ಳಲಿಲ್ಲ, ಅದಕ್ಕೆ ಒಂದು ಬಲಿಯನ್ನು ಒದಗಿಸಲಾಯಿತು. ಮುಂದೆ ‘ಆಪ್ತರಕ್ಷಕ’ದಲ್ಲಿ (2010) ನಾಗವಲ್ಲಿಯ ವರ್ಣಚಿತ್ರವೇ ಮನೆಗೆ ಬಂದು ಅನಾಹುತಗಳ ಕೇಂದ್ರವಾಗುತ್ತದೆ. ಮೊದಲ ಚಿತ್ರವು ಕಷ್ಟಪಟ್ಟು ಮನಸ್ಸಿನೊಳಗೆ ಗುರುತಿಸಿದ ಭಯವು ಹೀಗೆ ಮತ್ತೆ ವಸ್ತುವಿಗೆ ಅಂಟಿಕೊಂಡಿತು. ರೋಮಾಂಚನ ಉಳಿಯಿತು, ತಳಮಳ ಹೋಯಿತು.

4. ನಿರಾಶೆಯ ಕಾರಣಗಳು

ಇಷ್ಟರಿಂದ ನಿರಾಶೆಗೊಳಿಸುವ ಚಿತ್ರಗಳ ದೋಷಗಳನ್ನೂ ಎಣಿಸಬಹುದು.

ಒಂದನೆಯದು, ಕಾಯುವಿಕೆಯ ಜಾಗದಲ್ಲಿ ಸದ್ದು. ಅರಿಸ್ಟಾಟಲನು ‘ಕಾವ್ಯಮೀಮಾಂಸೆ’ಯ 14ನೆಯ ಅಧ್ಯಾಯದಲ್ಲಿ, ಭಯವು ಕಣ್ಣಿಗೆ ಕಾಣುವ ಆಡಂಬರದಿಂದಲೂ ಹುಟ್ಟಬಹುದು, ಆದರೆ ಘಟನೆಗಳ ಜೋಡಣೆಯಿಂದಲೇ ಹುಟ್ಟುವುದು ಉತ್ತಮ ಕವಿಯ ಲಕ್ಷಣ ಎಂದಿದ್ದಾನೆ. ಕಥೆಯನ್ನು ಕಿವಿಯಿಂದ ಕೇಳಿದರೂ ಮೈ ನಡುಗಬೇಕು ಎಂಬುದು ಅವನ ಒರೆಗಲ್ಲು.

ಎರಡನೆಯದು, ಅತಿಯಾದ ವಿವರಣೆ. ಹಿಚ್‌ಕಾಕರ ‘ಸೈಕೋ’ (1960) ಚಿತ್ರದ ಕೊನೆಯಲ್ಲಿ ಮನೋವೈದ್ಯನು ಎಲ್ಲವನ್ನೂ ಬಿಡಿಸಿ ಹೇಳುವ ದೃಶ್ಯವನ್ನು ಅನೇಕ ವಿಮರ್ಶಕರು ಆಕ್ಷೇಪಿಸಿದ್ದಾರೆ. ಆದರೆ ನಿರ್ದೇಶಕರು ಆ ವಿವರಣೆಯಲ್ಲಿ ಚಿತ್ರವನ್ನು ಮುಗಿಸದೆ, ಏಕಾಂಗಿಯಾಗಿ ಕುಳಿತ ಕೊಲೆಗಾರನ ಮುಖಕ್ಕೆ ಮರಳುತ್ತಾರೆ. ವಿವರಣೆ ಮುಗಿದರೂ ರಹಸ್ಯ ಮುಗಿದಿಲ್ಲ. ಸಾಧಾರಣ ಚಿತ್ರಗಳು ‘ಎಲ್ಲವೂ ಕನಸು’, ‘ಅವಳಿಗೆ ಹುಚ್ಚು’ ಎಂದು ಹೇಳಿ ಕೈತೊಳೆದುಕೊಳ್ಳುತ್ತವೆ.

ಮೂರನೆಯದು, ಧಾರ್ಮಿಕ ಚಿಹ್ನೆಗಳ ಯಾಂತ್ರಿಕ ಬಳಕೆ. ತೆರೆಯ ಮೇಲಿನ ಶಿಲುಬೆ ಮತ್ತು ಪವಿತ್ರ ಜಲ ಮಂತ್ರದಂಡಗಳಂತೆ ಕೆಲಸ ಮಾಡುತ್ತವೆ. ಶಿಲುಬೆಯು ದೇವರು ಮನುಷ್ಯನ ಭಯವನ್ನು ತಾನೇ ಹೊತ್ತ ಗುರುತು ಎಂಬ ಅರ್ಥ ಅಲ್ಲಿ ಕಾಣೆಯಾಗುತ್ತದೆ. ಗೆತ್ಸೆಮನಿಯಲ್ಲಿ ಪ್ರಭು ಯೇಸು ಕಳವಳಗೊಂಡು ತತ್ತರಿಸಿದರೆಂದು ಮಾರ್ಕನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ (ಮಾರ್ಕ 14:33-34). ಭಯವನ್ನು ಓಡಿಸುವ ಆಯುಧಕ್ಕಿಂತ ಭಯದೊಳಗೆ ಜೊತೆಗಿರುವ ಪ್ರಭು ದೊಡ್ಡವನು.

ನಾಲ್ಕನೆಯದು ಮತ್ತು ಅತಿ ಗಂಭೀರವಾದುದು, ನರಳುವವರನ್ನು ನೋಟದ ವಸ್ತುವಾಗಿಸುವುದು. ಮಾನಸಿಕ ವ್ಯಾಧಿಯುಳ್ಳವರೆಲ್ಲ ಕೊಲೆಗಾರರೆಂಬಂತೆ, ಹೆಣ್ಣಿನ ದೇಹವೇ ದೆವ್ವದ ಬಿಡಾರವೆಂಬಂತೆ ಮತ್ತೆ ಮತ್ತೆ ತೋರಿಸುವ ಚಿತ್ರಗಳು ಕಲೆಯಾಗಿ ಸೋಲುವುದಷ್ಟೇ ಅಲ್ಲ, ಅನ್ಯಾಯವನ್ನೂ ಎಸಗುತ್ತವೆ.

5. ಸಾಠ್ ಕಬರ್ ಮತ್ತು ಏಂದೋರ್

ವಿಜಯಪುರದ ಪಶ್ಚಿಮ ಹೊರವಲಯದಲ್ಲಿ ಅರವತ್ತಕ್ಕೂ ಹೆಚ್ಚು ಸಮಾಧಿಗಳು ಸಾಲುಸಾಲಾಗಿರುವ ಸ್ಥಳವೊಂದಿದೆ. ಜನರು ಅದನ್ನು ‘ಸಾಠ್ ಕಬರ್’ ಎನ್ನುತ್ತಾರೆ. ಆದಿಲ್ ಶಾಹಿ ಸೇನಾನಿ ಅಫ್ಜಲ್ ಖಾನನು 1659ರಲ್ಲಿ ಶಿವಾಜಿಯ ವಿರುದ್ಧ ಹೊರಡುವ ಮುನ್ನ, ಅವನು ಮರಳಿ ಬರಲಾರನೆಂದು ಜ್ಯೋತಿಷಿಗಳು ನುಡಿದರಂತೆ. ತನ್ನ ನಂತರ ಪತ್ನಿಯರು ಪರರ ಪಾಲಾಗಬಾರದೆಂದು ಅವರೆಲ್ಲರನ್ನೂ ಕೊಂದನಂತೆ. ಇದು ಐತಿಹ್ಯವೇ ಹೊರತು ಪ್ರಮಾಣಿತ ಇತಿಹಾಸವಲ್ಲ. ಆದರೂ ಪೀಳಿಗೆಗಳಿಂದ ಈ ಕಥೆ ಏಕೆ ಉಳಿದಿದೆ? ಅದರಲ್ಲಿ ದೆವ್ವವಿಲ್ಲ. ಭವಿಷ್ಯದ ಭಯಕ್ಕೆ ಒಳಗಾದ ಒಂದು ಮನಸ್ಸು ಮಾತ್ರ ಇದೆ. ಪ್ರೀತಿಯೆಂದು ತಾನು ಕರೆಯುವ ಸ್ವಾಮ್ಯದ ಹಟವಿದೆ. ಕಥೆ ಕೇಳುವವರನ್ನು ಕಾಡುವುದು ಸತ್ತವರಲ್ಲ, ಬದುಕಿದ್ದವನ ಆ ಒಂದು ರಾತ್ರಿಯ ಆಲೋಚನೆ. ಮನೋವೈಜ್ಞಾನಿಕ ಭೀತಿಯ ತಿರುಳು ನಮ್ಮ ನೆಲದಲ್ಲಿ ಹೀಗೆ ಕಲ್ಲಾಗಿ ನಿಂತಿದೆ.

ಇದರ ಪಕ್ಕದಲ್ಲಿ ಸಮುವೇಲನ ಮೊದಲ ಗ್ರಂಥದ 28ನೆಯ ಅಧ್ಯಾಯವನ್ನು ಇಟ್ಟು ಓದಬೇಕು. ಅಸೂಯೆಯಿಂದಲೂ ದುಗುಡದಿಂದಲೂ ಜರ್ಜರಿತನಾದ ಅರಸ ಸೌಲನೂ ಯುದ್ಧದ ಹಿಂದಿನ ರಾತ್ರಿ ತನ್ನ ಸಾವಿನ ನುಡಿಯನ್ನು ಕೇಳುತ್ತಾನೆ. ನೆಲದ ಮೇಲೆ ಉದ್ದಕ್ಕೆ ಬೀಳುತ್ತಾನೆ. ಆಗ ಅವನನ್ನು ಎಬ್ಬಿಸುವವಳು ಏಂದೋರಿನ ಆ ಹೆಂಗಸು, ಅವನೇ ನಿಷೇಧಿಸಿದ್ದ ವೃತ್ತಿಯವಳು. ಮನೆಯಲ್ಲಿದ್ದ ಕೊಬ್ಬಿದ ಕರುವನ್ನು ಕೊಯ್ದು, ರೊಟ್ಟಿ ಸುಟ್ಟು ಅವನಿಗೆ ಉಣಿಸುತ್ತಾಳೆ. ಪವಿತ್ರ ಗ್ರಂಥದ ಅತಿ ಭೀಕರವಾದ ಆ ರಾತ್ರಿ ಒಂದು ಊಟದಿಂದ ಮುಗಿಯುತ್ತದೆ. ಸೌಲನ ಸಾವು ತಪ್ಪಲಿಲ್ಲ, ನಿಜ. ಆದರೆ ಅವನು ಎದ್ದು ನಡೆದ. ಭಯಗ್ರಸ್ತನಿಗೆ ಮೊದಲು ಬೇಕಾದುದು ವಿವರಣೆಯಲ್ಲ, ಪಕ್ಕದಲ್ಲಿ ಕುಳಿತು ತುತ್ತು ನೀಡುವ ಕೈ ಎಂಬುದನ್ನು ಈ ಪುಟ ಕಲಿಸುತ್ತದೆ.

6. ವಾಸಿಯಾದವನನ್ನು ಕಂಡು ಹೆದರಿದ ಊರು

ಗೆರಸೇನರ ನಾಡಿನ ವೃತ್ತಾಂತದಲ್ಲಿ (ಮಾರ್ಕ 5:1-20) ಭೀತಿ ಚಿತ್ರದ ಎಲ್ಲ ಸಾಮಗ್ರಿಯೂ ಇದೆ: ಸಮಾಧಿಗಳ ನಡುವಿನ ವಾಸ, ರಾತ್ರಿಯ ಕೂಗು, ತುಂಡಾದ ಸರಪಳಿ, ಕಲ್ಲಿನಿಂದ ತನ್ನನ್ನೇ ಗಾಯಗೊಳಿಸಿಕೊಳ್ಳುವ ಮನುಷ್ಯ. ಆದರೆ ಮಾರ್ಕನು ಜನರಿಗೆ ಭಯವಾಯಿತೆಂದು ಹೇಳುವುದು ಅವನು ಕಿರುಚುವಾಗಲಲ್ಲ. ಅವನು ಬಟ್ಟೆ ಧರಿಸಿ, ಸ್ವಸ್ಥಚಿತ್ತನಾಗಿ ಕುಳಿತಿರುವುದನ್ನು ಕಂಡಾಗ ಊರವರು ಹೆದರಿದರು. ಯೇಸುವನ್ನು ಹೊರಟುಹೋಗುವಂತೆ ಬೇಡಿಕೊಂಡರು. ಹುಚ್ಚನೊಬ್ಬನು ಸಮಾಧಿಗಳಲ್ಲಿ ಇರುವತನಕ ಊರಿನ ಭಯಗಳಿಗೆಲ್ಲ ಒಂದು ವಿಳಾಸವಿತ್ತು. ಅವನು ವಾಸಿಯಾದೊಡನೆ ಆ ವಿಳಾಸ ಅಳಿಸಿಹೋಯಿತು.

ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1971ರಲ್ಲಿ ನಿರ್ದೇಶಿಸಿದ ‘ಶರಪಂಜರ’ ಭೀತಿ ಚಿತ್ರವಲ್ಲ. ಆದರೂ ಕನ್ನಡದ ಅನೇಕ ಭೀತಿ ಚಿತ್ರಗಳಿಗಿಂತ ಹೆಚ್ಚು ಭೀಕರವಾದ ಸತ್ಯ ಅದರಲ್ಲಿದೆ. ಕಲ್ಪನಾ ಅಭಿನಯಿಸಿದ ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಮರಳುತ್ತಾಳೆ; ಮನೆಯೂ ನೆರೆಹೊರೆಯೂ ಅವಳನ್ನು ಹುಚ್ಚಿಯೆಂದೇ ನೋಡುತ್ತವೆ; ಆ ನೋಟವೇ ಅವಳನ್ನು ಮತ್ತೆ ವ್ಯಾಧಿಗೆ ದೂಡುತ್ತದೆ. ಇಲ್ಲಿ ಪ್ರೇತವಾದದ್ದು ನೆರೆಹೊರೆಯ ಕಣ್ಣು. ಗೆರಸೇನರ ಊರಿನ ಭಯವೂ ಕಾವೇರಿಯ ಮನೆಯವರ ಭಯವೂ ಒಂದೇ. ಯೇಸು ಆ ಮನುಷ್ಯನನ್ನು ತನ್ನೊಡನೆ ಕರೆದೊಯ್ಯಲಿಲ್ಲ. ಮನೆಗೆ, ಸ್ವಜನರ ಬಳಿಗೆ ಕಳುಹಿಸಿದ. ಗುಣಪಡಿಸುವಿಕೆ ಪೂರ್ಣವಾಗುವುದು ಮನೆಯವರು ಬಾಗಿಲು ತೆರೆದಾಗಲೇ.

7. ಗುರುವಿನ ಹೊಣೆ

ಹಾಗಾದರೆ ನಾವು ಮಾಡಬೇಕಾದುದೇನು? ಗುರುಮಠದ ಚಿತ್ರಪ್ರದರ್ಶನದ ನಂತರ ನಾಲ್ಕು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯ ಆರಂಭ. ಈ ಚಿತ್ರ ಯಾರನ್ನು ಪ್ರೀತಿಸುವಂತೆ ಮಾಡಿತು? ಕೇಡನ್ನು ಎಲ್ಲಿ ಇರಿಸಿತು, ಹೊರಗೋ ನಮ್ಮೊಳಗೋ? ನರಳುವವರಿಗೆ ಹೆಸರೂ ದನಿಯೂ ದೊರೆತವೇ? ಮುಗಿದ ಮೇಲೆ ನೆರೆಯವರ ಬಗ್ಗೆ ನಮ್ಮಲ್ಲಿ ಉಳಿದದ್ದು ಸಂಶಯವೋ ಕರುಣೆಯೋ? ಈ ನಾಲ್ಕಕ್ಕೂ ಉತ್ತರಿಸಬಲ್ಲ ಚಿತ್ರ ನಮ್ಮ ಸಮಯಕ್ಕೆ ಯೋಗ್ಯವಾದುದು.

ಹಳ್ಳಿಯ ಕುಟುಂಬವೊಂದು ಮಗಳನ್ನು ಕರೆದುಕೊಂಡು ಬಂದಾಗ ಇದೇ ಪ್ರಶ್ನೆಗಳು ಬೇರೆ ರೂಪದಲ್ಲಿ ಎದುರಾಗುತ್ತವೆ. ಧರ್ಮಸಭೆಯ ನಿಯಮ ಇಲ್ಲಿ ಸ್ಪಷ್ಟವಾಗಿದೆ. ಕಾನೂನು ಸಂಹಿತೆಯ 1172ನೆಯ ವಿಧಿಯ ಪ್ರಕಾರ, ಸ್ಥಳೀಯ ಧರ್ಮಾಧಿಕಾರಿಯ ವಿಶೇಷ ಹಾಗೂ ವ್ಯಕ್ತ ಅನುಮತಿಯಿಲ್ಲದೆ ಯಾರೂ ಪೀಡಿತರ ಮೇಲೆ ಭೂತೋಚ್ಚಾಟನೆ ನಡೆಸುವಂತಿಲ್ಲ. ಭಕ್ತಿ, ಜ್ಞಾನ, ವಿವೇಕ ಮತ್ತು ನಿಷ್ಕಳಂಕ ಜೀವನವುಳ್ಳ ಗುರುವಿಗೆ ಮಾತ್ರ ಆ ಅನುಮತಿ ದೊರೆಯಬಹುದು. ಕಥೋಲಿಕ ಧರ್ಮಸಭೆಯ ಧರ್ಮೋಪದೇಶದ 1673ನೆಯ ಪರಿಚ್ಛೇದವು ವ್ಯಾಧಿಯ, ಅದರಲ್ಲೂ ಮಾನಸಿಕ ವ್ಯಾಧಿಯ, ಆರೈಕೆ ವೈದ್ಯಶಾಸ್ತ್ರಕ್ಕೆ ಸೇರಿದುದೆಂದು ಬೇರ್ಪಡಿಸುತ್ತದೆ. ನಾಡಿನ ಕಾನೂನೂ ಎಚ್ಚರಿಸುತ್ತದೆ: 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದ ಕರ್ನಾಟಕದ ಅಮಾನವೀಯ ಅನಿಷ್ಟ ಪದ್ಧತಿಗಳ ನಿಷೇಧ ಕಾಯ್ದೆಯ ಅಡಿಯಲ್ಲಿ ದೆವ್ವ ಬಿಡಿಸುವ ಹೆಸರಿನ ಹಿಂಸೆ ಅಪರಾಧ.

ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಜನರು ಒಂದಿಲ್ಲೊಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು; ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ತಲುಪಿರಲಿಲ್ಲ. ನಮ್ಮ ಧರ್ಮಕೇಂದ್ರದ ಫಲಕದಲ್ಲಿ ಪೂಜೆಯ ವೇಳಾಪಟ್ಟಿಯ ಪಕ್ಕದಲ್ಲಿ ‘ಟೆಲಿ ಮನಸ್’ ಉಚಿತ ಸಹಾಯವಾಣಿಯ 14416 ಸಂಖ್ಯೆಯನ್ನು ಬರೆಯುವುದು ಸಣ್ಣ ಕೆಲಸ. ಒಂದು ಜೀವಕ್ಕೆ ಅದು ಸಣ್ಣದಲ್ಲ. ಹೀಗೆಂದು ಪ್ರಾರ್ಥನೆಯನ್ನು ಬದಿಗಿಡಬೇಕಿಲ್ಲ. ಆಶೀರ್ವಾದ, ದೇವರ ವಾಕ್ಯ, ರೋಗಿಗಳ ಅಭ್ಯಂಗ ಸಂಸ್ಕಾರ, ಮತ್ತೆ ಮತ್ತೆ ಮನೆಗೆ ಹೋಗಿ ಕುಳಿತುಕೊಳ್ಳುವ ತಾಳ್ಮೆ ಇವೆಲ್ಲ ನಮ್ಮವೇ. ಔಷಧಿಯನ್ನು ನಿಲ್ಲಿಸಿ ಎಂದು ಹೇಳುವ ಅಧಿಕಾರ ಮಾತ್ರ ನಮ್ಮದಲ್ಲ. ಮಂದಿಯ ಮುಂದೆ ಪ್ರದರ್ಶನವಾಗುವಂತೆ ಆ ಹುಡುಗಿಯ ತಲೆಯ ಮೇಲೆ ಕೈಯಿಟ್ಟು ಗದರಿಸಿದರೆ, ನಾವು ಕೆಟ್ಟ ಭೀತಿ ಚಿತ್ರವೊಂದರ ಪಾತ್ರಧಾರಿಗಳಾಗುತ್ತೇವೆ. ಅವಳನ್ನು ಕುಳ್ಳಿರಿಸಿ, ನೀರು ಕೊಟ್ಟು, ಹೆಸರು ಕೇಳಿ, ಅವಳು ಹೇಳುವುದನ್ನು ಕೇಳಿಸಿಕೊಂಡರೆ ಗೆರಸೇನರ ನಾಡಿನಲ್ಲಿ ಹೆಸರು ಕೇಳಿದವನ ಶಿಷ್ಯರಾಗುತ್ತೇವೆ.

ಉಪಸಂಹಾರ

ಮಾರ್ಕನ ಶುಭಸಂದೇಶದ ಪ್ರಾಚೀನ ಹಸ್ತಪ್ರತಿಗಳು ಮುಗಿಯುವುದು 16ನೆಯ ಅಧ್ಯಾಯದ 8ನೆಯ ವಚನದಲ್ಲಿ: ಬರಿದಾದ ಸಮಾಧಿಯಿಂದ ಓಡಿದ ಮಹಿಳೆಯರು ಭಯದಿಂದ ಯಾರಿಗೂ ಏನನ್ನೂ ಹೇಳಲಿಲ್ಲ. ಪುನರುತ್ಥಾನದ ವಾರ್ತೆಯೇ ನಡುಕದಲ್ಲಿ ನಿಲ್ಲುತ್ತದೆ. ಆದುದರಿಂದ ಭಯವಿಲ್ಲದ ಧರ್ಮವನ್ನು ನಾವು ಬೋಧಿಸುವುದಿಲ್ಲ. ಭಯವನ್ನು ಪರರ ಮೇಲೆ ಹೊರಿಸದೆ ದೇವರ ಸನ್ನಿಧಿಗೆ ತರುವುದನ್ನು ಬೋಧಿಸುತ್ತೇವೆ. ಉತ್ತಮ ಮನೋವೈಜ್ಞಾನಿಕ ಭೀತಿ ಚಿತ್ರವು ಭಯದ ಮನೆ ನಮ್ಮೊಳಗೇ ಇದೆಯೆಂದು ತೋರಿಸಿ ಅಲ್ಲಿಗೆ ನಿಲ್ಲುತ್ತದೆ. ಆ ಮನೆಯೊಳಗೆ ಬರಲು ಬಾಗಿಲು ತಟ್ಟುತ್ತಿರುವ ಪ್ರಭುವನ್ನು ಪರಿಚಯಿಸುವ ಕೆಲಸ ಚಿತ್ರಮಂದಿರದ ಹೊರಗೆ, ನಮ್ಮ ಧರ್ಮಕೇಂದ್ರಗಳಲ್ಲಿ ಆರಂಭವಾಗಬೇಕು.